ಗಿಣ್ಣು ಹಾಲು ಎಷ್ಟು ಗಂಟೆಗೆ ಕುಡಿಸಿದಿರಿ?

ಪ್ರಶ್ನೆ: ನಮ್ಮದು ಚಿಂತಾಮಣಿ ಕಡೆಯ ಹಳ್ಳಿ. ಐದು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ಮಿಶ್ರತಳಿ ಹಸುಗಳಿವೆ. ಎಂಟು ತಿಂಗಳಲ್ಲಿ ಮೂರು ಕರು ಕಳೆದುಕೊಂಡೆವು. ಒಂದು ಏಳನೇ ದಿನ, ಒಂದು ಒಂಬತ್ತನೇ ದಿನ, ಕೊನೆಯದು ಹನ್ನೊಂದನೇ ದಿನ. ಮೂರಕ್ಕೂ ನೀರಿನಂಥ ಹಳದಿ ಭೇದಿ. ಮೆಡಿಕಲ್ ಅಂಗಡಿಯಿಂದ ಮಾತ್ರೆ ತಂದು ಹಾಕಿದೆವು, ಇಂಜೆಕ್ಷನ್ ಕೂಡ ಕೊಡಿಸಿದೆವು. ಒಂದೆರಡು ದಿನದಲ್ಲೇ ಹೋದವು. ಮೂರರಲ್ಲಿ ಎರಡರ ತಾಯಿ ಹಸುಗಳು ಸಂತೆಯಿಂದ ತುಂಬು ಗಬ್ಬದಲ್ಲಿ ತಂದವು. ಅವುಗಳ ಕಾಲ್ಗುಣ ಸರಿಯಿಲ್ಲ, ಮಾರಿಬಿಡು ಅಂತ ಅಪ್ಪ ಹೇಳುತ್ತಿದ್ದಾರೆ. ಮುಂದಿನ ತಿಂಗಳು ಇನ್ನೊಂದು ಹಸು ಕರು ಹಾಕುತ್ತದೆ. ಯಾವ ಇಂಜೆಕ್ಷನ್ ಮೊದಲೇ ಹಾಕಿಸಿದರೆ ಕರು ಉಳಿಯುತ್ತದೆ? ಕಸ (ಮಾಸು) ಬಿದ್ದ ಮೇಲೆಯೇ ಹಾಲು ಕರೆಯುವುದು ನಮ್ಮಲ್ಲಿ ರೂಢಿ. ಉಳಿದಂತೆ ಆರೈಕೆಯಲ್ಲಿ ಏನೂ ಕಡಿಮೆ ಮಾಡಿಲ್ಲ.

ಉತ್ತರ: ನಿಮ್ಮ ಪ್ರಶ್ನೆಯ ಕೊನೆಯಲ್ಲಿ ಸುಮ್ನೆ ಹೇಳಿಬಿಟ್ಟ ಒಂದು ಮಾತಿದೆ. ಕಸ ಬಿದ್ದ ಮೇಲೆಯೇ ಹಾಲು ಕರೆಯುತ್ತೇವೆ ಅಂತ. ನನಗೆ ಅಲ್ಲೇ ಅರ್ಧ ಉತ್ತರ ಸಿಕ್ಕಿತು.

ಹಸು ರಾತ್ರಿ ಎರಡು ಗಂಟೆಗೆ ಕರು ಹಾಕಿತು ಅಂದುಕೊಳ್ಳಿ. ಕಸ ಬೀಳುವಾಗ ಬೆಳಿಗ್ಗೆ ಹತ್ತು ಗಂಟೆ. ಅಲ್ಲಿಯವರೆಗೆ ಕರು ಹಸಿದುಕೊಂಡು ಕೊಟ್ಟಿಗೆಯ ನೆಲ ನೆಕ್ಕುತ್ತದೆ, ತಾಯಿಯ ಸಗಣಿ ಮೆತ್ತಿದ ತೊಡೆ ನೆಕ್ಕುತ್ತದೆ. ಅದರ ಹೊಟ್ಟೆಗೆ ಮೊದಲು ಹೋದದ್ದು ಹಾಲಲ್ಲ, ರೋಗಾಣು. ಎಂಟು ಗಂಟೆ ಕಳೆದ ಮೇಲೆ ನೀವು ಹೊಟ್ಟೆ ತುಂಬ ಗಿಣ್ಣು ಹಾಲು ಕುಡಿಸಿದರೂ ಅದರಿಂದ ಆಗಬೇಕಾದ ಕೆಲಸ ಅರೆಬರೆ ಆಗುತ್ತದೆ.

ಯಾಕೆ ಅಂತ ಹೇಳುತ್ತೇನೆ. ಮನುಷ್ಯರ ಮಗು ತಾಯಿಯ ಹೊಟ್ಟೆಯಲ್ಲಿ ಇರುವಾಗಲೇ ತಾಯಿಯ ರಕ್ತದಿಂದ ರೋಗ ತಡೆಯುವ ಪ್ರೊಟೀನುಗಳನ್ನು ಪಡೆದುಕೊಂಡು ಹುಟ್ಟುತ್ತದೆ. ಕರುವಿಗೆ ಆ ಭಾಗ್ಯ ಇಲ್ಲ. ಹಸುವಿನ ಕಸದ ರಚನೆಯೇ ಬೇರೆ, ಆ ಪ್ರೊಟೀನು ಅದನ್ನು ದಾಟುವುದಿಲ್ಲ. ಹಾಗಾಗಿ ಕರು ಹುಟ್ಟುವುದು ಬರಿಗೈಯಲ್ಲಿ. ಅದಕ್ಕೆ ಬೇಕಾದದ್ದೆಲ್ಲ ಇರುವುದು ಗಿಣ್ಣು ಹಾಲಿನಲ್ಲಿ. ಹುಟ್ಟಿದ ಹೊತ್ತಿನಲ್ಲಿ ಕರುವಿನ ಕರುಳು ಜರಡಿ ಇದ್ದ ಹಾಗೆ ಇರುತ್ತದೆ, ಈ ದೊಡ್ಡ ಪ್ರೊಟೀನುಗಳನ್ನು ಇಡಿಯಾಗಿ ರಕ್ತಕ್ಕೆ ಬಿಡುತ್ತದೆ. ಗಂಟೆ ಕಳೆದ ಹಾಗೆ ಜರಡಿಯ ತೂತು ಮುಚ್ಚುತ್ತಾ ಬರುತ್ತದೆ. ಮೊದಲ ಆರು ಗಂಟೆ ಚಿನ್ನದಂಥ ಹೊತ್ತು. ಇಪ್ಪತ್ನಾಲ್ಕು ಗಂಟೆಗೆ ಬಾಗಿಲು ಪೂರ್ತಿ ಬಂದ್. ಆಮೇಲೆ ಕುಡಿಸಿದ ಗಿಣ್ಣು ಒಳ್ಳೆಯ ಆಹಾರ, ಅಷ್ಟೇ. ರಕ್ತಕ್ಕೆ ಸೇರುವುದಿಲ್ಲ.

ನಿಮ್ಮ ಮನೆಯ ಹೆಂಗಸರನ್ನು ಕೇಳಿ ನೋಡಿ, ಅವರಿಗೆ ಇದು ಬೇರೆ ರೀತಿಯಲ್ಲಿ ಗೊತ್ತು. ಮೊದಲ ದಿನದ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಆವಿಯಲ್ಲಿ ಇಟ್ಟರೆ ಗಿಣ್ಣು ಚಾಕುವಿನಲ್ಲಿ ಕೊಯ್ಯುವಷ್ಟು ಗಟ್ಟಿ ಆಗುತ್ತದೆ. ಬೇಕಾದರೆ ಮಾಮೂಲಿ ಹಾಲನ್ನೂ ಬೆರೆಸಬಹುದು. ಮೂರನೇ ದಿನದ ಹಾಲು ಹಾಗೆ ಕೂರುವುದಿಲ್ಲ, ತೆಳ್ಳಗೆ ಅಲ್ಲಾಡುತ್ತದೆ. ಗಿಣ್ಣನ್ನು ಗಟ್ಟಿ ಮಾಡುವ ಆ ಪ್ರೊಟೀನಿನಲ್ಲಿ ದೊಡ್ಡ ಪಾಲು ಕರುವನ್ನು ಕಾಯುವ ಪ್ರೊಟೀನೇ. ಎರಡನೇ ಸಲ ಕರೆಯುವಾಗಲೇ ಅದು ಬಹಳ ಇಳಿದಿರುತ್ತದೆ. ಅಂದರೆ ಅಕ್ಕಪಕ್ಕದ ಮನೆಗೆ ಹಂಚುವ ಗಿಣ್ಣಿಗೆ ಮೊದಲ ಹಾಲೇ ಬೇಕು ಅಂತ ನಾವು ಹಟ ಮಾಡುವಾಗ ಕರುವಿನ ಪಾಲಿನ ಔಷಧಿಯನ್ನೇ ಪಾತ್ರೆಗೆ ಹಾಕುತ್ತಿದ್ದೇವೆ. ಗಿಣ್ಣು ಬೇಡ ಅನ್ನುತ್ತಿಲ್ಲ, ನನಗೂ ಇಷ್ಟ. ಎಚ್‌ಎಫ್ ಮಿಶ್ರತಳಿ ಹಸು ಮೊದಲ ದಿನ ಸಾಮಾನ್ಯವಾಗಿ ಕರುವಿಗೆ ಬೇಕಾದ್ದಕ್ಕಿಂತ ಜಾಸ್ತಿಯೇ ಕೊಡುತ್ತದೆ. ಕರುವಿನದು ಮುಗಿದ ಮೇಲೆ ಮಾಡಿ. ಹೇಗಿದ್ದರೂ ಆ ನಾಲ್ಕೈದು ದಿನದ ಹಾಲನ್ನು ಡೈರಿಗೆ ಹಾಕುವ ಹಾಗಿಲ್ಲ, ಕಾಯಿಸಿದರೆ ಒಡೆಯುತ್ತದೆ. ಕರುವಿಗೆ ಕೊಟ್ಟರೆ ನಿಮಗೆ ಒಂದು ರೂಪಾಯಿಯೂ ನಷ್ಟವಿಲ್ಲ.

ಲೆಕ್ಕ ಸುಲಭ. ಕರುವಿನ ತೂಕದ ಹತ್ತನೇ ಒಂದು ಪಾಲು. 30 ಕೆಜಿ ಕರುವಿಗೆ ಮೊದಲ ದಿನ 3 ಲೀಟರ್. ಅದರಲ್ಲಿ ಅರ್ಧ, ಅಂದರೆ ಒಂದೂವರೆ ಲೀಟರ್, ಹುಟ್ಟಿದ ಒಂದೆರಡು ಗಂಟೆಯೊಳಗೆ. ಉಳಿದದ್ದು ಎಂಟು ಹತ್ತು ಗಂಟೆಯೊಳಗೆ. ತಾನೇ ಮೊಲೆ ಚೀಪಿಕೊಳ್ಳಲಿ ಅಂತ ಬಿಟ್ಟರೆ ಎಷ್ಟು ಕುಡಿಯಿತು ಅಂತ ಗೊತ್ತಾಗುವುದಿಲ್ಲ. ದೊಡ್ಡ ಕೆಚ್ಚಲಿನ ಹಸುವಾದರೆ ಎಷ್ಟೋ ಕರುಗಳು ಮೊಲೆ ಹುಡುಕಿಕೊಳ್ಳುವುದೇ ಇಲ್ಲ. ಕೆಚ್ಚಲು ತೊಳೆದು, ಒರೆಸಿ, ಕರೆದು, ನಿಪ್ಪಲ್ ಬಾಟಲಿಯಲ್ಲಿ ಕುಡಿಸಿ. ಗೊಟ್ಟ ಹಾಕಬೇಡಿ. ಬಿದಿರಿನದಾಗಲಿ ಪ್ಲಾಸ್ಟಿಕ್‌ನದಾಗಲಿ, ತಲೆ ಎತ್ತಿ ಹಿಡಿದು ಸುರಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಭೇದಿಯಿಂದ ಉಳಿದ ಕರು ಆಗ ನ್ಯುಮೋನಿಯಾದಿಂದ ಹೋಗುತ್ತದೆ.

ಕಸ ಬೀಳುವ ಮುಂಚೆ ಹಾಲು ಕರೆದರೆ ಕಸ ನಿಂತುಬಿಡುತ್ತದೆ ಅನ್ನುವ ಭಯ ನಮ್ಮ ಕಡೆ ತುಂಬ ಹಳೆಯದು. ನಿಜ ಇದಕ್ಕೆ ಉಲ್ಟಾ. ಕರು ಚೀಪಿದಾಗ, ಕೈಯಿಂದ ಕರೆದಾಗ ಹಸುವಿನ ಮೈಯಲ್ಲಿ ಆಕ್ಸಿಟೋಸಿನ್ ಅನ್ನುವ ಹಾರ್ಮೋನು ಬಿಡುಗಡೆ ಆಗುತ್ತದೆ. ಹಾಲು ಇಳಿಸುವುದೂ ಅದೇ, ಗರ್ಭಕೋಶವನ್ನು ಹಿಂಡುವುದೂ ಅದೇ. ಅಪ್ಪನಿಗೆ ಹೀಗೆ ಹೇಳಿ ನೋಡಿ: ಬೇಗ ಕರೆದರೆ ಕಸ ಬೀಳಲು ಸಹಾಯವೇ ಆಗುತ್ತದೆ. ಹನ್ನೆರಡು ಗಂಟೆಯಾದರೂ ಬೀಳದಿದ್ದರೆ ಡಾಕ್ಟರಿಗೆ ತಿಳಿಸಿ, ಅದು ಬೇರೆ ವಿಷಯ.

ಈಗ ನಿಮ್ಮ ಮೂರು ಕರುಗಳಿಗೆ ಬರೋಣ. ಏಳು, ಒಂಬತ್ತು, ಹನ್ನೊಂದು. ಈ ಮೂರು ಅಂಕಿ ನೀವು ಬರೆದದ್ದು ಒಳ್ಳೆಯದಾಯಿತು. ಎಳೆಗರುವಿನ ಭೇದಿಯಲ್ಲಿ ನಾನು ಮೊದಲು ಕೇಳುವುದು ಭೇದಿಯ ಬಣ್ಣ ಅಲ್ಲ, ಎಷ್ಟನೇ ದಿನ ಅಂತ. ಒಂದೊಂದು ರೋಗಾಣುವಿಗೆ ಒಂದೊಂದು ವಯಸ್ಸು. ಹುಟ್ಟಿದ ಮೂರು ನಾಲ್ಕು ದಿನದೊಳಗೆ ನೀರಿನ ಹಾಗೆ ಹೋಗಿ ಒಂದೇ ದಿನಕ್ಕೆ ಕರು ಮಲಗಿದರೆ ಇ. ಕೋಲಿ ಬ್ಯಾಕ್ಟೀರಿಯಾದ ಒಂದು ಜಾತಿ ಕಾರಣ ಇರಬಹುದು. ಐದನೇ ದಿನದಿಂದ ಎರಡು ವಾರದವರೆಗೆ ಬರುವುದು ಹೆಚ್ಚಾಗಿ ರೋಟಾ ವೈರಸ್, ಕೊರೊನಾ ವೈರಸ್ (ಮನುಷ್ಯರ ಕೋವಿಡ್‌ನದಲ್ಲ, ದನದ್ದು ಬೇರೆ), ಇಲ್ಲವೇ ಕ್ರಿಪ್ಟೊಸ್ಪೊರಿಡಿಯಂ ಅನ್ನುವ ಕಣ್ಣಿಗೆ ಕಾಣದ ಪರಾವಲಂಬಿ. ಬಹಳ ಸಲ ಎರಡು ಮೂರು ಒಟ್ಟಿಗೇ ಇರುತ್ತವೆ. ನಿಮ್ಮ ಮೂರೂ ಕರು ಈ ಗುಂಪಿಗೆ ಸೇರಿದವು ಅಂತ ನನ್ನ ಅಂದಾಜು. ಸಗಣಿ ಪರೀಕ್ಷೆ ಮಾಡಿಸದೆ ಖಡಾಖಂಡಿತ ಹೇಳುವುದಿಲ್ಲ.

ಒಂದು ಗಮನಿಸಿ. ಈ ಗುಂಪಿನಲ್ಲಿ ವೈರಸ್ ಇದೆ, ಪರಾವಲಂಬಿ ಇದೆ. ನೀವು ಕೊಟ್ಟ ಆಂಟಿಬಯಾಟಿಕ್ ಮಾತ್ರೆ ಎರಡಕ್ಕೂ ನಾಟುವುದಿಲ್ಲ. ಹಾಗಾದರೆ ಕರು ಸಾಯುವುದು ಯಾವುದರಿಂದ? ನೀರಿಲ್ಲದೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಊರಿಗೆ ಹೋಗಿದ್ದೆ. ಎಂಟು ದಿನದ ಕರು, ಭೇದಿ. ಪುಸ್ತಕದಲ್ಲಿ ಓದಿದ್ದ ಆಂಟಿಬಯಾಟಿಕ್ ಇಂಜೆಕ್ಷನ್ ಚುಚ್ಚಿ, ನಾಳೆ ಬರುತ್ತೇನೆ ಅಂತ ಹೇಳಿ ಬೈಕ್ ಹತ್ತಿದೆ. ಸಂಜೆಗೆ ಕರು ಇಲ್ಲ. ನನ್ನ ಜೊತೆಗಿದ್ದ ವಯಸ್ಸಾದ ಕಾಂಪೌಂಡರ್ ದಾರಿಯಲ್ಲಿ ಮೆಲ್ಲಗೆ ಹೇಳಿದರು: "ಸಾರ್, ಅದು ನೀರಡಿಸಿತ್ತು, ನಾವು ಸೂಜಿ ಕೊಟ್ಟು ಬಂದ್ವಿ." ಆ ಮಾತು ಇವತ್ತಿಗೂ ಕುಟುಕುತ್ತದೆ.

ಕರುಳಿನ ಒಳಗೋಡೆ ಟರ್ಕಿ ಟವೆಲಿನ ಹಾಗೆ ಸಣ್ಣ ಸಣ್ಣ ಎಳೆಗಳಿಂದ ತುಂಬಿರುತ್ತದೆ. ವೈರಸ್ ಆ ಎಳೆಗಳನ್ನು ಬೋಳಿಸುತ್ತದೆ. ಆಗ ಹಾಲು, ನೀರು ಹೀರಿಕೊಳ್ಳಲು ಆಗದೆ ಹಿಂದಿನಿಂದ ಹೋಗುತ್ತದೆ. ಅದರ ಜೊತೆಗೆ ಉಪ್ಪಿನಂಶವೂ ಹೋಗುತ್ತದೆ, ರಕ್ತ ಹುಳಿಯಾಗುತ್ತದೆ. 30 ಕೆಜಿ ಕರುವಿನ ಮೈಯಿಂದ ಎರಡೂವರೆ ಲೀಟರ್ ನೀರು ಹೋದರೆ ಕಣ್ಣು ಗುಳಿ ಬೀಳುತ್ತದೆ. ಮೂರು ಲೀಟರ್ ದಾಟಿದರೆ ಎದ್ದು ನಿಲ್ಲಲಾರದು. ಬೋಳಾದ ಎಳೆಗಳು ಕೆಲವು ದಿನಗಳಲ್ಲಿ ತಾವೇ ಮತ್ತೆ ಬೆಳೆಯುತ್ತವೆ. ಅಲ್ಲಿಯವರೆಗೆ ಹೋದಷ್ಟು ನೀರನ್ನು ತುಂಬಿಸುತ್ತಾ ಇರುವುದೇ ಚಿಕಿತ್ಸೆಯ ದೊಡ್ಡ ಭಾಗ.

ಹಾಗಾಗಿ ಭೇದಿ ಕಂಡ ಕೂಡಲೇ, ಡಾಕ್ಟರ್ ಬರುವ ಮುಂಚೆಯೇ, ಓಆರ್‌ಎಸ್ ಶುರು ಮಾಡಿ. ಪಶು ಆಸ್ಪತ್ರೆಯಲ್ಲಿ ಕರುಗಳದ್ದೇ ಪುಡಿ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಮಕ್ಕಳಿಗೆ ಕೊಡುವ ಓಆರ್‌ಎಸ್ ಪೊಟ್ಟಣವೇ ಇರಲಿ. ಕರುವಿಗೆ ಅದು ಪೂರ್ತಿ ಸಾಲದು, ಆದರೆ ಬರಿ ನೀರಿಗಿಂತ ಎಷ್ಟೋ ಮೇಲು. ದೊಡ್ಡ ಪೊಟ್ಟಣವನ್ನು ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಪೂರ್ತಿ ಹಾಕಿ. ಅರ್ಧ ಹಾಕಿ ಉಳಿಸುವುದು ಬೇಡ. ಸಲಕ್ಕೆ ಒಂದೊಂದೂವರೆ ಲೀಟರಿನಂತೆ ದಿನಕ್ಕೆ ಎರಡು ಮೂರು ಸಲ, ಹಾಲಿನ ಜೊತೆ ಬೆರೆಸದೆ, ಹಾಲು ಕುಡಿಸಿದ ಎರಡು ಮೂರು ಗಂಟೆ ಬಿಟ್ಟು ಕೊಡಿ.

ಹಾಲು ನಿಲ್ಲಿಸಬೇಡಿ. ಭೇದಿ ಆದಾಗ ಹಾಲು ಬಂದ್ ಮಾಡಿ ಅಂತ ಹಿಂದೆ ನಾವೇ ಹೇಳುತ್ತಿದ್ದೆವು. ಅದು ತಪ್ಪು ಅಂತ ಈಗ ಗೊತ್ತಾಗಿದೆ. ಓಆರ್‌ಎಸ್ ಒಂದರಲ್ಲೇ ಕರು ಬದುಕುವಷ್ಟು ಶಕ್ತಿ ಇಲ್ಲ, ಎರಡು ದಿನ ಹಾಲಿಲ್ಲದಿದ್ದರೆ ಹಸಿವಿನಿಂದಲೇ ಸೋಲುತ್ತದೆ. ಸಲಕ್ಕೆ ಸ್ವಲ್ಪ ಕಡಿಮೆ ಮಾಡಿ, ಸಲ ಜಾಸ್ತಿ ಮಾಡಿ. ದಾಳಿಂಬೆ ಸಿಪ್ಪೆ, ಸೀಬೆ ಎಲೆ ಕಷಾಯ ಅಂತ ಅಜ್ಜಿ ಹೇಳಿದರೆ ನಾನು ಜಗಳ ಮಾಡುವುದಿಲ್ಲ. ಆದರೆ ಅದು ನೀರಿನ ಬದಲಿಗೆ ಅಲ್ಲ.

ಮನೆಯಲ್ಲಿ ನೋಡಿಕೊಳ್ಳಬಹುದೋ ಡ್ರಿಪ್ ಬೇಕೋ ಅಂತ ತಿಳಿಯಲು ನಿಮ್ಮ ಬೆರಳು ಸಾಕು. ಕೈ ತೊಳೆದು ಬೆರಳನ್ನು ಕರುವಿನ ಬಾಯಿಗೆ ಇಡಿ. ಗಟ್ಟಿಯಾಗಿ ಚೀಪಿದರೆ ಬಾಯಿಯಿಂದ ಕೊಡಬಹುದು. ಚೀಪದಿದ್ದರೆ, ಬಾಯಿ ಒಳಗೆ ತಣ್ಣಗಿದ್ದರೆ ಅದಕ್ಕೆ ರಕ್ತನಾಳಕ್ಕೇ ದ್ರವ ಹೋಗಬೇಕು, ಅದೂ ಅವತ್ತೇ. ಇನ್ನೊಂದು ಪರೀಕ್ಷೆ: ಕತ್ತಿನ ಚರ್ಮ ಚಿವುಟಿ ಎತ್ತಿ ಬಿಡಿ. ತಟ್ಟನೆ ಕೂತರೆ ಸರಿ. ಮಡಿಕೆ ಹಾಗೇ ನಿಂತು ಮೆಲ್ಲಗೆ ಇಳಿದರೆ ನೀರು ಕಡಿಮೆ ಆಗಿದೆ. 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಮನೆ ಬಾಗಿಲಿಗೆ ಬರುತ್ತದೆ, ಬಳಸಿಕೊಳ್ಳಿ. ಜ್ವರ ಇದ್ದರೆ, ಸಗಣಿಯಲ್ಲಿ ರಕ್ತ ಇದ್ದರೆ, ಕರು ತೀರಾ ಮಂಕಾದರೆ ಆಂಟಿಬಯಾಟಿಕ್ ಬೇಕಾಗಬಹುದು. ಅದನ್ನು ನಿರ್ಧರಿಸುವುದು ಡಾಕ್ಟರ್, ಮೆಡಿಕಲ್ ಅಂಗಡಿಯವರಲ್ಲ. ಕರುವಿನ ಮಾಮೂಲಿ ಶಾಖ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಲೆಕ್ಕದಲ್ಲಿ ಅದೇ ಜ್ವರ, ಹಾಗಾಗಿ ಥರ್ಮಾಮೀಟರ್ ಇಟ್ಟು ಗಾಬರಿಯಾಗಬೇಡಿ. 103.5 ದಾಟಿದರೆ ಯೋಚಿಸಿ.

ಇನ್ನು ಜಾಗದ ವಿಷಯ. ಮೂರೂ ಕರುಗಳನ್ನು ಒಂದೇ ಮೂಲೆಯಲ್ಲಿ, ಒಂದೇ ಗೂಟಕ್ಕೆ ಕಟ್ಟಿದ್ದಿರಿ ಅಲ್ವಾ? ನೀವು ಬರೆದಿಲ್ಲ, ಆದರೆ ಹತ್ತರಲ್ಲಿ ಒಂಬತ್ತು ಮನೆಯಲ್ಲಿ ಹಾಗೇ ಇರುತ್ತದೆ. ಭೇದಿಯಾದ ಕರು ಒಂದು ದಿನಕ್ಕೆ ಕೋಟಿಗಟ್ಟಲೆ ರೋಗಾಣು ನೆಲಕ್ಕೆ ಬಿಡುತ್ತದೆ. ಕ್ರಿಪ್ಟೊಸ್ಪೊರಿಡಿಯಂ ಮೊಟ್ಟೆಗಳು ಫಿನಾಯಿಲಿಗೆ ಜಗ್ಗುವುದಿಲ್ಲ. ಅವಕ್ಕೆ ಭಯ ಇರುವುದು ಬಿಸಿಲಿಗೆ ಮತ್ತು ಒಣ ನೆಲಕ್ಕೆ. ಆ ಮೂಲೆಯನ್ನು ಕೆರೆದು, ಕುದಿಯುವ ನೀರು ಹೊಯ್ದು, ಸುಣ್ಣ ಬಳಿದು, ಒಣಗಿಸಿ ಖಾಲಿ ಬಿಡಿ. ಮುಂದಿನ ತಿಂಗಳು ಹುಟ್ಟುವ ಕರುವಿಗೆ ಬೇರೆ ಜಾಗ ಮಾಡಿ. ಬಿಸಿಲು ಬೀಳುವ, ನೀರು ಹರಿದುಹೋಗುವ ಜಾಗದಲ್ಲಿ ನಾಲ್ಕು ಕಂಬ, ಮೇಲೆ ಒಂದು ಶೀಟು, ಕೆಳಗೆ ದಪ್ಪಗೆ ಒಣಹುಲ್ಲು. ಹುಲ್ಲಿನ ಮೇಲೆ ಮಂಡಿ ಊರಿ ನೋಡಿ, ನಿಮ್ಮ ಪಂಚೆ ಒದ್ದೆಯಾದರೆ ಹುಲ್ಲು ಬದಲಿಸಬೇಕು ಅಂತ ಅರ್ಥ.

ಕಹಿ ಅನಿಸಬಹುದು, ಆದರೂ ಕೇಳುತ್ತೇನೆ. ಸತ್ತ ಮೂರರಲ್ಲಿ ಹೋರಿಗರು ಎಷ್ಟು? ಹೋರಿಗರುವಿಗೆ ಹಾಲು ಕಡಿಮೆ, ಗಮನ ಕಡಿಮೆ. ಎಲ್ಲ ಕಡೆ ನೋಡಿದ್ದೇನೆ, ಯಾಕೆ ಅಂತಲೂ ಗೊತ್ತು. ಆದರೆ ಆ ಸೊರಗಿದ ಕರುವೇ ಪಕ್ಕದ ಹೆಣ್ಗರುವಿಗೆ ರೋಗ ದಾಟಿಸುತ್ತದೆ. ಹೋರಿಗರುವಿನ ಗಿಣ್ಣು ಹಾಲು ಉಳಿಸಿದವರು ಹೆಣ್ಗರುವನ್ನೂ ಕಳೆದುಕೊಳ್ಳುತ್ತಾರೆ.

ಭೇದಿ ಕರುವನ್ನು ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ. ಕ್ರಿಪ್ಟೊಸ್ಪೊರಿಡಿಯಂ, ಸಾಲ್ಮೊನೆಲ್ಲಾ ಮನುಷ್ಯರಿಗೂ ಬರುತ್ತವೆ, ಮನೆಯ ಸಣ್ಣ ಮಕ್ಕಳನ್ನು ದೂರ ಇಡಿ. ಆರೋಗ್ಯದ ಕರುಗಳಿಗೆ ಮೊದಲು ಹಾಲು ಕುಡಿಸಿ, ಕಾಯಿಲೆ ಕರುವಿಗೆ ಕೊನೆಗೆ, ಬೇರೆ ಬಕೆಟ್ಟಿನಲ್ಲಿ.

ನಿಮ್ಮ ಕರು ಈ ಸಲ ಎರಡು ವಾರ ದಾಟುತ್ತದೆ ಅಂತಲೇ ಇಟ್ಟುಕೊಂಡು ಮುಂದಿನದನ್ನು ಹೇಳುತ್ತೇನೆ. ಹುಟ್ಟಿದ ಕೂಡಲೇ ಹೊಕ್ಕಳು ಬಳ್ಳಿಯನ್ನು ಶೇ 7ರ ಟಿಂಚರ್ ಅಯೋಡಿನ್‌ನಲ್ಲಿ ಅದ್ದಬೇಕು. ಸವರುವುದಲ್ಲ, ಸಣ್ಣ ಲೋಟದಲ್ಲಿ ಹಾಕಿ ಪೂರ್ತಿ ಅದ್ದುವುದು. ಹೊಕ್ಕಳಿನಿಂದ ನಂಜು ಏರಿದರೆ ಒಂದೆರಡು ವಾರದಲ್ಲಿ ಕರುವಿನ ಮಂಡಿ ಊದಿಕೊಳ್ಳುತ್ತದೆ, ಏಳುವುದಿಲ್ಲ. ತಾಯಿ ತುಳಿದಿರಬೇಕು ಅಂತ ಎಣ್ಣೆ ಉಜ್ಜಿಕೊಂಡು ಕೂತರೆ ಕಾಲ ಮಿಂಚುತ್ತದೆ. ಅದು ಕೀಲಿನೊಳಗಿನ ಕೀವು. ಭೇದಿಗೆ ಬೇಡ ಅಂದ ಆಂಟಿಬಯಾಟಿಕ್ ಇಲ್ಲಿ ಬೇಕೇ ಬೇಕು, ಬೇಗ ಬೇಕು.

ಹತ್ತರಿಂದ ಹದಿನೈದು ದಿನದೊಳಗೆ ಮೊದಲ ಜಂತುಹುಳು ಔಷಧಿ ಹಾಕಿಸಿ. ಇಷ್ಟು ಎಳೆಗರುವಿಗೆ ಹುಳು ಎಲ್ಲಿಂದ ಅಂತ ಕೇಳಬೇಡಿ, ತಾಯಿಯ ಹಾಲಿನಲ್ಲೇ ದುಂಡುಹುಳುವಿನ ಮರಿ ಬರುತ್ತದೆ. ಎಮ್ಮೆಗರುಗಳಲ್ಲಿ ಇದು ಇನ್ನೂ ಜಾಸ್ತಿ. ಜೇಡಿಮಣ್ಣಿನ ಬಣ್ಣದ ಗಬ್ಬು ಸಗಣಿ, ಡೊಳ್ಳು ಹೊಟ್ಟೆ, ಒರಟು ಕೂದಲು ಕಂಡರೆ ಅದೇ. ಮೂರು ವಾರ ದಾಟಿದ ಕರು ಬಾಲ ಎತ್ತಿಕೊಂಡು ತಿಣುಕುತ್ತಾ ರಕ್ತ ಬೆರೆತ ಭೇದಿ ಮಾಡಿದರೆ ಕಾಕ್ಸಿಡಿಯಾ ಅನ್ನುವ ಪರಾವಲಂಬಿ ಇರಬಹುದು. ಅದಕ್ಕೆ ಔಷಧಿ ಇದೆ, ಸಗಣಿ ಪರೀಕ್ಷೆ ಮಾಡಿಸಿ ಕೊಡುತ್ತಾರೆ.

ಒಂದು ತಿಂಗಳಾದ ಮೇಲೆ ಕೆಮ್ಮು, ಮೂಗಿನಲ್ಲಿ ಸಿಂಬಳ, ಜೋತುಬಿದ್ದ ಕಿವಿ, ಏದುಸಿರು. ಇದು ನ್ಯುಮೋನಿಯಾ. ಚಳಿ ಅಂತ ನಾಲ್ಕೂ ಕಡೆ ಟಾರ್ಪಾಲು ಕಟ್ಟುವವರ ಕೊಟ್ಟಿಗೆಯಲ್ಲೇ ಇದು ಹೆಚ್ಚು. ಕರುವಿನ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು ಐದು ನಿಮಿಷ ಉಸಿರಾಡಿ. ಗಂಜಲದ ಘಾಟಿಗೆ ನಿಮ್ಮ ಕಣ್ಣು ಉರಿದರೆ ಅದರ ಶ್ವಾಸಕೋಶದ ಗತಿ ಏನು? ಗಾಳಿ ಮೇಲಿನಿಂದ ಆಡಲಿ, ಕರುವಿನ ಮೈಮೇಲೆ ನೇರ ಬೀಸದಿದ್ದರೆ ಸಾಕು.

ಮಿಶ್ರತಳಿ ಅಂದ ಮೇಲೆ ರಕ್ತ ಹೀರುವ ಉಣ್ಣೆಯ ಮಾತೂ ಬರಬೇಕು. ಉಣ್ಣೆಯಿಂದ ಹರಡುವ ಥೈಲೇರಿಯಾ ರೋಗ ಎಳೆಗರುಗಳನ್ನೂ ಬಿಡುವುದಿಲ್ಲ. ಇಳಿಯದ ಜ್ವರ, ಹೆಗಲ ಮುಂದೆ ಊದಿದ ಗಂಟು, ಕೆಲವು ಕರುಗಳಲ್ಲಿ ಕಣ್ಣುಗುಡ್ಡೆ ಮುಂದಕ್ಕೆ ಬಂದ ಹಾಗೆ ಕಾಣುತ್ತದೆ. ಬುಪಾರ್ವಾಕ್ವೋನ್ ಅನ್ನುವ ಇಂಜೆಕ್ಷನ್ ಬೇಗ ಬಿದ್ದರೆ ಉಳಿಯುತ್ತದೆ. ಕಲ್ಲುಗೋಡೆಯ ಸಂದುಗಳಲ್ಲಿ ಉಣ್ಣೆ ಅಡಗಿರುತ್ತದೆ, ಸಂದು ಮುಚ್ಚದೆ ಬರಿ ಹಸುವಿನ ಮೈಗೆ ಔಷಧಿ ಹೊಡೆದರೆ ತಿಂಗಳಿಗೆ ಮತ್ತೆ ಅದೇ ಕಥೆ.

ಲಸಿಕೆಗಳು ಶುರುವಾಗುವುದು ಇದೆಲ್ಲ ದಾಟಿದ ಮೇಲೆ. ಕಾಲುಬಾಯಿ ಜ್ವರಕ್ಕೆ ನಾಲ್ಕನೇ ತಿಂಗಳಿನಿಂದ, ಆಮೇಲೆ ಆರು ತಿಂಗಳಿಗೊಮ್ಮೆ. ಇದನ್ನು ತಪ್ಪಿಸಬೇಡಿ. ದೊಡ್ಡ ಹಸುವಿಗೆ ಬಾಯಿಹುಣ್ಣು ತರುವ ಆ ವೈರಸ್ ಎಳೆಗರುವಿನಲ್ಲಿ ನೇರ ಹೃದಯಕ್ಕೆ ಹೋಗುತ್ತದೆ, ಹುಣ್ಣು ಕಾಣುವ ಮುಂಚೆಯೇ ಹಾಲು ಕುಡಿಯುತ್ತಾ ನಿಂತ ಕರು ಬಿದ್ದು ಸಾಯುವುದುಂಟು. ಕಂದುರೋಗ, ಅಂದರೆ ಬ್ರುಸೆಲ್ಲಾ ಲಸಿಕೆ ಹೆಣ್ಗರುಗಳಿಗೆ ಮಾತ್ರ, ನಾಲ್ಕರಿಂದ ಎಂಟು ತಿಂಗಳೊಳಗೆ, ಜೀವಮಾನದಲ್ಲಿ ಒಂದೇ ಸಲ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇವೆರಡನ್ನೂ ಉಚಿತವಾಗಿ ಹಾಕುತ್ತಾರೆ. ಗಳಲೆ ರೋಗ, ಚಪ್ಪೆ ರೋಗದ್ದು ಆರು ತಿಂಗಳಿಗೆ.

ನೋಡಿ, ನಿಮ್ಮ ಕರುಗಳು ಹೋದ ಎರಡು ವಾರದ ಒಳಗಿನ ಕಾಯಿಲೆಗೆ ಈ ಪಟ್ಟಿಯಲ್ಲಿ ಯಾವ ಸೂಜಿಯೂ ಇಲ್ಲ. ಆ ಹೊತ್ತಿಗೆ ಲಸಿಕೆ ಅಂದರೆ ಗಿಣ್ಣು ಹಾಲೇ.

ಮುಂದಿನ ತಿಂಗಳು ಈಯುವ ಹಸುವಿನ ಹಾಲು ನಿಲ್ಲಿಸಿದ್ದೀರಿ ಅಂದುಕೊಂಡಿದ್ದೇನೆ. ಇಲ್ಲದಿದ್ದರೆ ಇವತ್ತೇ ನಿಲ್ಲಿಸಿ, ಎರಡು ತಿಂಗಳು ಬತ್ತಿಸಬೇಕಿತ್ತು. ಕೊನೆಯವರೆಗೂ ಕರೆದರೆ ಗಿಣ್ಣು ಹಾಲು ನೀರಾಗುತ್ತದೆ. ಅದರ ಗಿಣ್ಣು ಹೆಚ್ಚಿದ್ದರೆ ಒಂದು ಲೀಟರ್ ಕವರಿನಲ್ಲಿ ಕಟ್ಟಿ ಫ್ರೀಜರಿನಲ್ಲಿ ಇಡಿ, ತಿಂಗಳುಗಟ್ಟಲೆ ಕೆಡುವುದಿಲ್ಲ. ಯಾವುದೋ ಹಸು ಈದ ಕೂಡಲೇ ಹಾಲು ಬಿಡದಿದ್ದರೆ ಅವತ್ತು ಕೆಲಸಕ್ಕೆ ಬರುತ್ತದೆ. ಬೆಚ್ಚಗಿನ ನೀರಲ್ಲಿಟ್ಟು ಕರಗಿಸಿ. ಒಲೆ ಮೇಲಿಟ್ಟರೆ ಕರುವಿಗೆ ಸಿಗುವುದು ಗಿಣ್ಣು, ಹಾಲಲ್ಲ.

ಕಾಲ್ಗುಣದ ವಿಷಯ ಉಳಿಯಿತು. ಸಂತೆಯಿಂದ ತುಂಬು ಗಬ್ಬದಲ್ಲಿ ಬಂದ ಹಸು ತನ್ನ ಹಳೆಯ ಕೊಟ್ಟಿಗೆಯ ರೋಗಾಣುಗಳನ್ನು ನೋಡಿತ್ತು, ನಿಮ್ಮದನ್ನಲ್ಲ. ಕರು ಹಾಕುವ ಮುಂಚಿನ ಕೆಲವು ವಾರಗಳಲ್ಲಿ ಅದರ ಕೆಚ್ಚಲಿನಲ್ಲಿ ತುಂಬಿಕೊಂಡ ರಕ್ಷಣೆ ಆ ಊರಿನ ಶತ್ರುವಿಗೆ ಸರಿಯಾಗಿತ್ತು. ಕರು ಹುಟ್ಟಿದ್ದು ಮಾತ್ರ ನಿಮ್ಮ ಊರಿನಲ್ಲಿ, ಅದೂ ಎಂಟು ಗಂಟೆ ಉಪವಾಸ. ಈಗ ಆ ಎರಡೂ ಹಸುಗಳು ತಿಂಗಳುಗಟ್ಟಲೆ ನಿಮ್ಮ ನೆಲದಲ್ಲಿ ಮಲಗಿ ಎದ್ದಿವೆ. ನಿಮ್ಮ ಕೊಟ್ಟಿಗೆಯ ರೋಗಾಣುಗಳ ಪರಿಚಯ ಅವಕ್ಕೆ ಆಗಿದೆ, ಮುಂದಿನ ಸೂಲಿನ ಗಿಣ್ಣಿನಲ್ಲಿ ಅದು ಕರುವಿಗೆ ಸಿಗುತ್ತದೆ. ಮಾರಿ ಬೇರೆ ತಂದರೆ ಮತ್ತೆ ಮೊದಲಿನಿಂದ ಶುರು. ಇಟ್ಟುಕೊಳ್ಳಿ ಅಂತ ಅಪ್ಪನಿಗೆ ನಾನು ಹೇಳಿದೆ ಅನ್ನಿ.